ಸಲಹೆ ಕೊಡದ ಸಮಾಲೋಚಕ

"ಅಲ್ರೀ, ನಲವತ್ತು ನಿಮಿಷ ಆ ಅಮ್ಮ ಅತ್ರು. ನೀವು ಬಾಯೇ ಬಿಡ್ಲಿಲ್ಲ. ಇದಕ್ಕೆ ಕೌನ್ಸೆಲಿಂಗ್ ಅಂತಾರಾ?"

ತುಮಕೂರಿನ ಆ ಆಪ್ತಸಮಾಲೋಚನಾ ಕೇಂದ್ರದಲ್ಲಿ ಹೊಸ ಸಮಾಲೋಚಕಿ ಅನುಪಮಾಗೆ ಅದು ಕೆಲಸದ ಮೊದಲ ದಿನ. ಗಾಜಿನ ಬಾಗಿಲಾಚೆಯಿಂದ ನೋಡಿ ನೋಡಿ ಅವಳ ಪಿತ್ತ ನೆತ್ತಿಗೇರಿತ್ತು. ಆ ಅಮ್ಮ ಎದ್ದುಹೋದ ಕೂಡಲೇ ಒಳಗೆ ನುಗ್ಗಿದ್ದಳು.

ಸಹೋದ್ಯೋಗಿ ರೇಣುಕಾಪ್ರಸಾದ್ ಕನ್ನಡಕ ತೆಗೆದು ಒರೆಸಿಕೊಂಡ. "ಕೇಳ್ತಾ ಇದ್ದೆ ಮೇಡಂ. ಅವರನ್ನ ಮನೇಲಿ ಯಾರೂ ಅಳೋಕೆ ಬಿಟ್ಟಿಲ್ಲ."

'ಎಂಥಾ ಮನುಷ್ಯನಪ್ಪಾ...' ಎಂದುಕೊಂಡಳು. ಆದರೆ ಅವನ ಕಣ್ಣಲ್ಲೂ ನೀರಿತ್ತು! ಅದು ಅವಳನ್ನು ಅರ್ಧ ದಿನ ಕಾಡಿತು.

ಆ ಅಮ್ಮ, ಗುಬ್ಬಿಯ ಸರ್ವಮಂಗಳಮ್ಮ, ಮಗಳನ್ನು ಕಳೆದುಕೊಂಡವರು. ಗಟ್ಟಿ ಮನಸ್ಸು ಮಾಡ್ಕೋ ಎಂದು ಹೇಳಿ ಹೇಳಿಯೇ ನೆಂಟರು ಅವರ ಬಾಯಿ ಮುಚ್ಚಿಸಿದ್ದರು. ಇಲ್ಲಿ ಮೂರು ವಾರ ಅತ್ತರು. ನಾಲ್ಕನೇ ವಾರ ತಾವಾಗಿಯೇ ಮಗಳ ಹೆಸರೆತ್ತಿದರು. ಅವಳು ಮುದ್ದೆಗೆ ತುಪ್ಪ ಸಾಲದು ಎಂದು ಜಗಳ ತೆಗೆಯುತ್ತಿದ್ದದ್ದನ್ನು ನೆನೆದು ನಕ್ಕೂ ಬಿಟ್ಟರು.

"ನೆನ್ನೆಯಿಂದ ನಾನೇ ಅಡ್ಗೆ ಮಾಡ್ತಿದೀನಿ ಕಣಪ್ಪಾ," ಎಂದು ಹೇಳಿ ಹೋದರು. ಅನುಪಮಾ ತನ್ನ ಮೊದಲ ದಿನದ ಮಾತನ್ನು ಮನಸ್ಸಿನಲ್ಲೇ ಹಿಂತೆಗೆದುಕೊಂಡಳು.

ಅವಳ ದಾರಿಯೇ ಬೇರೆ. ಅಪಘಾತವಾದ ಮೇಲೆ ಎಂಟು ತಿಂಗಳು ಸ್ಟೇರಿಂಗ್ ಮುಟ್ಟದಿದ್ದ ಕುಣಿಗಲ್ಲಿನ ಬಸ್ ಡ್ರೈವರ್ ಗಂಗರಾಜುವಿಗೆ ಅವಳು ಹೋಂವರ್ಕ್ ಕೊಟ್ಟಳು. ಮೊದಲ ವಾರ ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಲ್ಲುವುದು. ಆಮೇಲೆ ನಿಂತ ಬಸ್ಸಿನ ಸೀಟಿನಲ್ಲಿ ಕೂರುವುದು. 'ನಾನು ಗಾಡಿ ಮುಟ್ಟಿದರೆ ಯಾರೋ ಸಾಯುತ್ತಾರೆ' ಎನ್ನುವ ಯೋಚನೆಯನ್ನು ಬರೆಸಿ, ಅದೆಷ್ಟು ನಿಜ ಎಂದು ಅವನಿಗೇ ತೂಗಿ ನೋಡಲು ಹೇಳುವುದು.

"ನನ್ನ ಹತ್ರ ಬಂದಿದ್ರೆ ಈ ಯಪ್ಪ ಇನ್ನೂ ಕೂತ್ಕೊಂಡು ಅಳ್ತಿರ್ತಿದ್ದ," ಎಂದ ಪ್ರಸಾದ್. ಆ ಮೆಚ್ಚುಗೆಯಲ್ಲಿ ಒಂಚೂರೂ ಹೊಟ್ಟೆಕಿಚ್ಚಿರಲಿಲ್ಲ. ಅವಳಿಗೆ ಅವನು ಇಷ್ಟವಾಗಿದ್ದು ಆಗಲೇ.

ಅವಳು ಮಾತಿಗಾಗಿ ಹಂಬಲಿಸುವವರನ್ನು ಅವನಿಗೆ ಕಳಿಸುತ್ತಿದ್ದಳು, ಅವನು ಹೆದರಿ ನಿಂತವರನ್ನು ಇವಳಿಗೆ. ನಾಲ್ಕೈದು ತಿಂಗಳು ಹೀಗೇ ನಡೆಯಿತು. ತಮ್ಮಿಬ್ಬರ ಮನಸ್ಸಿನ ವಿಷಯ ಮಾತ್ರ ಇಬ್ಬರೂ ಎತ್ತಲಿಲ್ಲ. ಊರವರ ಮನಸ್ಸಿನ ಗಂಟು ಬಿಡಿಸುವವರ ಹಣೆಬರಹ ನೋಡಿ!

ಒಂದು ಮಧ್ಯಾಹ್ನ ಟೀ ಹೊತ್ತಿಗೆ ಅವಳೇ ಧೈರ್ಯ ಮಾಡಿದಳು.

"ಒಂದು ಸಂಬಂಧ ಬಂದಿದೆ. ಹುಡುಗ ಲೆಕ್ಚರರ್. ಭಾನುವಾರ ಅವರು ಮನೆಗೆ ಬರ್ತಾರೆ, ಒಪ್ಪಿಗೆ ಹೇಳ್ಬೇಕು... ಏನು ಹೇಳ್ಲಿ?"

ಪ್ರಸಾದ್ ಲೋಟ ಕೆಳಗಿಟ್ಟ. ಕೇಳಿದ, "ನಿಮಗೆ ಏನನ್ನಿಸುತ್ತೆ?"

ದಿನಾ ಬರುವ ಕ್ಲೈಂಟ್‌ಗಳಿಗೆಲ್ಲ ಅವನು ಕೇಳುವ ಪ್ರಶ್ನೆ ಅದು. 'ನಾನೂ ಇವನಿಗೆ ಒಂದು ಅಪಾಯಿಂಟ್‌ಮೆಂಟ್ ಅಷ್ಟೇನಾ...'

"ಒಪ್ಕೋಬೇಕು ಅನ್ನಿಸುತ್ತೆ," ಎಂದಳು. ಅವನು ಸರಿ ಎಂಬಂತೆ ತಲೆಯಾಡಿಸಿದ. ಅವಳು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಶನಿವಾರ ಬೆಳಿಗ್ಗೆ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಗಂಗರಾಜುವಿನ ಹೋಂವರ್ಕಿನ ಕೊನೆಯ ಹೆಜ್ಜೆ. ಪಕ್ಕದಲ್ಲಿ ಇನ್ನೊಬ್ಬ ಡ್ರೈವರ್, ಹಿಂದೆ ಅನುಪಮಾ, ಉಳಿದಂತೆ ಖಾಲಿ ಬಸ್ಸು. ಎರಡು ಕಿಲೋಮೀಟರ್ ಹೋಗಿ ವಾಪಸ್ ಬಂದು ನಿಲ್ಲಿಸಿದವನು ಸ್ಟೇರಿಂಗ್ ಮೇಲೆ ಹಣೆಯಿಟ್ಟ.

"ಕೈ ನಡುಗ್ತು ಮೇಡಂ. ಆದ್ರೂ ಓಡಿಸ್ದೆ," ಎಂದ. ಹೆಂಡತಿಗೆ ಹೇಳಬೇಕೆಂದು ಫೋನ್ ಹಿಡಿದು ಓಡಿದ.

ಬಸ್ಸಿಳಿದವಳ ಎದುರಿಗೆ ಪ್ರಸಾದ್ ನಿಂತಿದ್ದ, ಹೆಲ್ಮೆಟ್ ಕೈಯಲ್ಲಿ, ತಲೆಯೆಲ್ಲ ಕೆದರಿಕೊಂಡು.

"ಯಾರಿಗೂ ಸಲಹೆ ಕೊಡಬಾರದು ಅನ್ನೋದು ಹತ್ತು ವರ್ಷದ ಅಭ್ಯಾಸ," ಎಂದ. "ನನ್ನ ಆಸೆ ಹೇಳಿದ್ರೆ ನಿಮ್ಮ ನಿರ್ಧಾರಾನ ನಾನು ಕಿತ್ಕೊಂಡ ಹಾಗೆ ಅಂದ್ಕೊಂಡೆ. ಮೂರು ದಿನದಿಂದ ನಿದ್ದೆ ಇಲ್ಲ."

"ನಾನು ನಿಮ್ಮ ಕ್ಲೈಂಟ್ ಅಲ್ಲ ಪ್ರಸಾದ್."

"ಗೊತ್ತು. ಅದಕ್ಕೇ ಹೇಳ್ತಿದೀನಿ. ಆ ಸಂಬಂಧ ಒಪ್ಪಬೇಡಿ. ನೀವಿಲ್ಲದೆ ನನಗಾಗಲ್ಲ. ನನ್ನನ್ನ ಮದ್ವೆ ಆಗಿ."

ಅವಳು ಫೋನ್ ತೆಗೆದು ಅಪ್ಪನ ನಂಬರ್ ಒತ್ತಿದಳು.

"ಅಪ್ಪಾ, ನಾಳೆ ಅವರಿಗೆ ಬರೋದು ಬೇಡ ಅಂತ ಹೇಳ್ಬಿಡಿ... ಹೂಂ, ಒಬ್ಬರಿದಾರೆ... ಇಲ್ಲೇ ಪಕ್ಕದಲ್ಲೇ ಇದಾರೆ. ಕೊಡ್ತೀನಿ, ಮಾತಾಡಿ."

ಫೋನು ತನ್ನತ್ತ ಬಂದದ್ದು ನೋಡಿ ಪ್ರಸಾದ್ ಬೆವೆತುಹೋದ. "ಅನು... ಏನಂತ ಮಾತಾಡ್ಲಿ?"

ಅವಳು ಕಣ್ಣೊರೆಸಿಕೊಂಡು, ಅವನ ಇನ್ನೊಂದು ಕೈ ಹಿಡಿದುಕೊಂಡಳು.

"ಈಗ ನನಗೆ ಹೇಳಿದ್ರಲ್ಲ, ಅದನ್ನೇ ಹೇಳಿ. ನಾನೂ ಇನ್ನೊಂದು ಸಲ ಕೇಳಿಸ್ಕೋತೀನಿ."