ಎರಡು ದೋಣಿಯ ಅಗಲ

ಕಳ್ಳನನ್ನು ಹಿಡಿಯಲು ಬ್ರಯನಿ ಓಡಬೇಕಾಗಿಯೇ ಇರಲಿಲ್ಲ. ಕೊಂಚ ಬೀಸಿ ನಡೆದಿದ್ದರೆ ಸಾಕಿತ್ತು. ಆದರೂ ದಂಡೆಗೆ ಕಟ್ಟಿದ್ದ ತನ್ನ ದೋಣಿಯಿಂದ ಹಾರಿ ಓಡಿದಳು, ಎಡಗಾಲಿಗೆ ಬೂಟು, ಬಲಗಾಲಿಗೆ ಚಪ್ಪಲಿ, ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು.

ಕಾಲುವೆಯ ನಡುವೆ ನಡಿಗೆಯ ವೇಗದಲ್ಲಿ ಸಾಗುತ್ತಿದ್ದ ಹಸಿರು ದೋಣಿಯ ಛಾವಣಿಯ ಮೇಲೆ, ಪಟ್ಟಕ್ಕೆ ಕೂತವನ ಹಾಗೆ ಅವಳ ನಾಯಿ ಕೂತಿತ್ತು. ಹೆಸರು ಬಿಷಪ್. ಮೈಯೆಲ್ಲ ಕಪ್ಪು, ಕತ್ತಿನ ಸುತ್ತ ಮಾತ್ರ ಬಿಳಿ ಪಟ್ಟಿ, ಮುಖದಲ್ಲಿ ಸದಾ ಕ್ಷಮಿಸುವ ಭಾವ. ಪ್ರೀತಿ ಉಕ್ಕಿದಾಗ ಬಿಷಪ್ಪ.

"ಏಯ್, ನಿಲ್ಸಿ. ನಮ್ ಬಿಷಪ್ಪನ್ನ ಎಲ್ಲಿಗ್ ಕರ್ಕೊಂಡ್ ಹೋಗ್ತಿದೀರಾ?"

ಚುಕ್ಕಾಣಿ ಹಿಡಿದವನು ತಿರುಗಿ ನೋಡಿದ. ಬಾಯಲ್ಲಿ ಟೋಸ್ಟು. ಅದನ್ನು ಅಗಿದು, ನುಂಗಿ, ಆಮೇಲೆ ಟೋಪಿ ಎತ್ತಿದ.

"ಇವ್ರು ಬಿಷಪ್ಪಾ? ನಾನು ಬರೀ ಪಾದ್ರಿ ಅಂದ್ಕೊಂಡಿದ್ದೆ."

"ತಮಾಷೆ ಬೇಡ. ಮೊದ್ಲು ದೋಣಿ ನಿಲ್ಸಿ."

"ಅರವತ್ತಡಿ ಕಬ್ಬಿಣ ಮೇಡಂ. ಇವತ್ತು ನಿಲ್ಲು ಅಂದ್ರೆ ನಾಳೆ ನಿಲ್ಲತ್ತೆ."

"ನಾಯಿ ಕದಿಯೋಕೆ ನಾಚ್ಕೆ ಆಗಲ್ವಾ?"

"ಕದ್ದಿದ್ದು ಇವ್ರು. ನಲ್ಲಿ ಹತ್ರ ನೀರು ತುಂಬಿಸ್ಕೊಳ್ತಾ ನಿಂತಿದ್ದೆ. ಹಿಂದಿನ ಬಾಗಿಲಿಂದ ಬಂದು ಒಂದು ಪಾಸ್ಟಿ ತಿಂದು, ಇನ್ನೊಂದಕ್ಕೆ ನಾಲ್ಗೆ ತಾಗಿಸಿ ಆಶೀರ್ವಾದ ಮಾಡಿ ಇಟ್ಟಿದಾರೆ. ಅದನ್ನ ಈಗ ಯಾರ್ ತಿಂತಾರೆ?"

ಅವಳು ದಂಡೆಯ ಹಾದಿಯಲ್ಲಿ, ಅವನು ನೀರಿನಲ್ಲಿ, ಸಮಸಮನಾಗಿ ಸಾಗುತ್ತ ಜಗಳವಾಡಿದರು. ಜಗಳಕ್ಕೆ ಇಷ್ಟು ಅನುಕೂಲವಾದ ವಾಹನ ಲೋಕದಲ್ಲಿ ಇನ್ನೊಂದಿಲ್ಲ; ಬೈದವಳು ಹಿಂದೆ ಬೀಳುವುದಿಲ್ಲ, ಬೈಸಿಕೊಂಡವನು ತಪ್ಪಿಸಿಕೊಳ್ಳುವುದಿಲ್ಲ. ಅವನ ಹೆಸರು ಡೆನ್ಜಿಲ್ ಪಾಸ್ಕೋ, ಊರು ಕಾರ್ನ್‌ವಾಲ್, ದೋಣಿಯ ಅಡುಗೆಮನೆಯಲ್ಲಿ ಮಾಂಸ-ಆಲೂಗಡ್ಡೆ ತುಂಬಿದ ಕಡುಬಿನಂಥ ಪಾಸ್ಟಿ ಬೇಯಿಸಿ ದಂಡೆಗುಂಟ ಮಾರುವುದು ಕಸುಬು ಎಂಬುದೆಲ್ಲ ಜಗಳದಲ್ಲೇ ತಿಳಿಯಿತು. ಸೇತುವೆ ಬರುವಷ್ಟರಲ್ಲಿ ಬೈಗುಳ ತೀರಿ, ಉಸಿರೂ ತೀರಿ, ಮಾತು "ಇನ್ನೊಂದು ಟೋಸ್ಟಿದೆ, ಕೊಡ್ಲಾ?" ಎಂಬಲ್ಲಿಗೆ ಬಂದು ನಿಂತಿತ್ತು.

"ಮುಂದೆ ಸ್ಟಾಕ್‌ಟನ್ ಲಾಕುಗಳು," ಎಂದ ಡೆನ್ಜಿಲ್. "ನೀವು ನಿಮ್ ದೋಣಿ ತನ್ನಿ. ಕೆಳಗಿನ ಲಾಕ್ ಹತ್ರ ಕಾಯ್ತೀನಿ. ಜೋಡಿಯಾಗಿ ಹತ್ತೋಣ. ಅಲ್ಲೀವರ್ಗೂ ಬಿಷಪ್ಪು ನನ್ ಒತ್ತೆಯಾಳು."

ಅಗಲದ ಕಾಲುವೆಯಲ್ಲಿ ಇದೇ ರೂಢಿ. ಲಾಕೆಂದರೆ ನೀರಿನ ಮೆಟ್ಟಿಲು; ಎರಡೂ ತುದಿಗೆ ಬಾಗಿಲಿರುವ ತೊಟ್ಟಿಗೆ ನೀರು ತುಂಬಿಸಿ ದೋಣಿಯನ್ನು ಮೇಲಿನ ಮಟ್ಟಕ್ಕೆ ಏರಿಸುವುದು. ಎರಡು ನೀಳ ದೋಣಿಗಳು ಹೆಗಲಿಗೆ ಹೆಗಲು ತಾಗಿಸಿ ಒಳಹೊಕ್ಕರೆ ಒಂದೇ ತೊಟ್ಟಿಯ ನೀರಿನಲ್ಲಿ ಇಬ್ಬರೂ ಮೇಲೇರಬಹುದು. ಜೊತೆಗೆ ಯಾರಿಗೂ ಕಾಯದೆ ಒಬ್ಬನೇ ನುಗ್ಗಿದವನನ್ನು ಕಾಲುವೆಯ ಜನ ಮದುವೆಮನೆಯಲ್ಲಿ ಎರಡೆಲೆ ಹಾಕಿಸಿಕೊಂಡವನ ಹಾಗೆ ನೋಡುತ್ತಾರೆ. ಆದ್ದರಿಂದ ಬ್ರಯನಿ ಜೋಡಿಯಾಗಲು ಒಪ್ಪಿದ್ದು ಬರೀ ಮರ್ಯಾದೆಗೆ. ತಲೆ ಬಾಚಿಕೊಂಡು ಬಂದದ್ದೂ ಮರ್ಯಾದೆಗೇ ಇರಬೇಕು.

ಅವಳ ನೀಲಿ ‘ಲ್ಯಾಪ್‌ವಿಂಗ್’, ಅವನ ಹಸಿರು ‘ಸೆಕೆಂಡ್ ಹೆಲ್ಪಿಂಗ್’, ಎರಡಕ್ಕೂ ಸೇರಿಸಿ ಹಗ್ಗ ಬಿಗಿದರು. ಎರಡನ್ನೂ ನಡೆಸುವುದು ಅವನ ಪಾಲಿಗೆ, ದಂಡೆಯ ಮೇಲೆ ನಿಂತು ಬಾಗಿಲು ತೆರೆದು ನೀರು ಬಿಡುವುದು ಅವಳ ಪಾಲಿಗೆ. ಎರಡು ದೋಣಿಯ ಮೇಲೆ ಕಾಲಿಟ್ಟವನು ಮುಳುಗುತ್ತಾನೆ ಎಂಬ ಮಾತನ್ನು ಬಿಷಪ್ಪನಿಗೆ ಯಾರೂ ಹೇಳಿರಲಿಲ್ಲ. ಮುಂಗಾಲು ಅಲ್ಲಿ, ಹಿಂಗಾಲು ಇಲ್ಲಿ ಇಟ್ಟುಕೊಂಡು ಸುಖವಾಗಿ ಬಿಸಿಲು ಕಾಯಿಸುತ್ತಿದ್ದ.

ಖಾಲಿ ಲಾಕಿನ ತಳದಲ್ಲಿ ದೋಣಿ ಇದ್ದಾಗ ಮೇಲಿನಿಂದ ಡೆನ್ಜಿಲ್ ಕಾಣುತ್ತಿರಲಿಲ್ಲ. ಅವಳು ಕಬ್ಬಿಣದ ಹಿಡಿಕೆ ತಿರುಗಿಸಿ ನೀರು ಬಿಟ್ಟ ಮೇಲೆ ಅವನು ಕಂತುಕಂತಾಗಿ ಏರಿ ಬರುತ್ತಿದ್ದ. ಮೊದಲು ಟೋಪಿ. ಆಮೇಲೆ ಹುಬ್ಬು. ಆಮೇಲೆ, ಆಗಲೇ ಅವಳನ್ನು ಹುಡುಕುತ್ತಿದ್ದ ಬೂದುಗಣ್ಣು. ಕೊನೆಗೆ, ಹಿಟ್ಟು ಮೆತ್ತಿದ ಗಲ್ಲದ ಮೇಲೊಂದು ನಗು.

ಎರಡನೇ ಲಾಕಿನಲ್ಲಿ ಅವಳು ಬೇರೆ ಕಡೆ ನೋಡಿದಳು. ಮೂರನೆಯದರಲ್ಲಿ ಬೇರೆ ಕಡೆ ನೋಡಿದಂತೆ ಮಾಡಿದಳು. ನಾಲ್ಕನೆಯದರಲ್ಲಿ ಸಿಕ್ಕಿಬಿದ್ದಳು.

"ಏನ್ ನೋಡ್ತಿದೀರಾ?"

"ನೀರಿನ ಮಟ್ಟ."

"ನೀರು ನನ್ ಕಾಲ್ ಹತ್ರ ಇದೆ. ನೀವು ಮೂಗಿನ ಹತ್ರ ನೋಡ್ತಿದೀರಾ."

"ಮೂಗಿನ ಮಟ್ಟ ಸ್ವಲ್ಪ ಜಾಸ್ತಿ ಆಯ್ತೇನೋ ಅಂತ ನೋಡ್ದೆ."

ಬ್ರಯನಿಗೆ ಅನುಕರಣೆಯ ಹುಚ್ಚು. ಬಾತುಕೋಳಿ, ಪಬ್ಬಿನ ಒಡತಿ, ಹವಾಮಾನ ಓದುವ ರೇಡಿಯೋ, ಯಾರನ್ನೂ ಬಿಟ್ಟವಳಲ್ಲ. ಅವನ ಹಳೆಯ ಎಂಜಿನ್ನನ್ನು ತುಟಿ ಉಬ್ಬಿಸಿ ಮಾಡಿ ತೋರಿಸಿದಳು. "ಬೇಡ-ಬಿಡು, ಬೇಡ-ಬಿಡು, ಬೇಡ-ಬಿಡು. ಎಲ್ಲಾದಕ್ಕೂ ಮುನಿಸ್ಕೊಂಡ ಮಾವನ ಥರ."

"ನಿಮ್ದು ಇನ್ನೇನು ಕಮ್ಮಿನಾ? ಬಂದೆ-ಬಂದೆ-ಬಂದೆ ಅನ್ನತ್ತೆ, ಬರೋದೇ ಇಲ್ಲ."

ಲಾಕು ಮುಗಿಯುವಷ್ಟರಲ್ಲಿ ಅವಳ ಕಸುಬನ್ನೂ ಕೇಳಿ ತಿಳಿದುಕೊಂಡ. ಅವಳು ಹೆಣೆಯುವುದು ಫೆಂಡರ್. ದೋಣಿಯ ಮೈ ದಂಡೆಗೆ ಉಜ್ಜದಂತೆ ಪಕ್ಕಕ್ಕೆ ನೇತುಹಾಕುವ ಹಗ್ಗದ ಮೆತ್ತೆ.

"ಅಂದ್ರೆ ಡಿಕ್ಕಿ ಆದ್ರೂ ನೋವಾಗ್ದಂಗೆ ನೋಡ್ಕೊಳೋದು ನಿಮ್ ಕೆಲ್ಸ."

"ದೋಣಿಗೆ ಮಾತ್ರ. ಮನುಷ್ಯರಿಗೆ ಗ್ಯಾರಂಟಿ ಇಲ್ಲ."

ಕಾಲುವೆಯಲ್ಲಿ ಲಾಕೆಂದರೂ ಬೀಗವೇ. ಅಂದು ಹತ್ತು ಬೀಗ ತೆಗೆದರು. ಬೀಗತನದ ಮಾತನ್ನು ಮಾತ್ರ ಇಬ್ಬರೂ ತೆಗೆಯಲಿಲ್ಲ.

ಜೂನ್ ತಿಂಗಳ ಸಂಜೆ. ಹೊತ್ತು ಮುಳುಗಲು ಮನಸ್ಸೇ ಮಾಡದ ಕಾಲ. ಪೊದೆಯ ಬದಿಗೆ ದೋಣಿ ಕಟ್ಟಿ, ದಂಡೆಯ ಹುಲ್ಲಿನ ಮೇಲೆ ಕೂತು ಬಿಸಿ ಪಾಸ್ಟಿ ತಿಂದರು. ಬಿಷಪ್ಪ ಇಬ್ಬರ ನಡುವೆ ಮಲಗಿ, ಇಬ್ಬರಿಂದಲೂ ಅಂಚು ವಸೂಲಿ ಮಾಡಿದ.

"ನಾಳೆ ಕ್ಯಾಲ್ಕಟ್ ಲಾಕ್ ದಾಟಿದ್ರೆ ಜಂಕ್ಷನ್," ಎಂದ ಡೆನ್ಜಿಲ್, ಹುಲ್ಲು ಕೀಳುತ್ತ. "ನಾನು ಎಡಕ್ಕೆ. ಬ್ರಾನ್‌ಸ್ಟನ್ ಕಡೆ."

"ನಾನು ಬಲಕ್ಕೆ. ನ್ಯಾಪ್ಟನ್ ಗುಡ್ಡ ಹತ್ತಿ ಆಕ್ಸ್‌ಫರ್ಡ್ ಕಡೆ."

"ಓ."

"ಹೂಂ."

ಬಲಗಡೆಯ ಕಾಲುವೆಯ ಲಾಕುಗಳೆಲ್ಲ ಕಿರಿದು, ಒಂದು ಸಲಕ್ಕೆ ಒಂದೇ ದೋಣಿ ಹಿಡಿಯುವಂಥವು. ಪ್ರತಿ ಬೇಸಿಗೆ ಬ್ರಯನಿ ಆ ದಾರಿ ಹಿಡಿಯುತ್ತಿದ್ದುದು ಅದಕ್ಕೇ. ಒಂದು ಲಾಕು, ಒಂದು ದೋಣಿ, ಒಂದು ನಾಯಿ. ವಿಮಾ ಕಚೇರಿಯ ಕೆಲಸ ಬಿಟ್ಟು ದೋಣಿ ಹತ್ತಿದಾಗ ನೆಂಟರೆಲ್ಲ ಎಲ್ಲಿಗೆ, ಯಾಕೆ, ವಾಪಸ್ ಯಾವಾಗ ಎಂದು ಪೀಡಿಸಿದ್ದರು. ನೀರಿನ ಮೇಲೆ ಯಾರೂ ಹಾಗೆ ಪೀಡಿಸಲಿಲ್ಲ. ಕಾಲುವೆಯ ರೂಢಿಯಲ್ಲಿ ಎಲ್ಲಿಗೆ ಹೊರಟಿರಿ ಎನ್ನಬಹುದು. ಆ ಕಡೆ ಬೇಡ, ಈ ಕಡೆ ಬನ್ನಿ ಎನ್ನಬಾರದು. ಇನ್ನೊಬ್ಬರ ಚುಕ್ಕಾಣಿಗೆ ಕೈ ಹಾಕಿದಷ್ಟೇ ತಪ್ಪು ಅದು. ಆ ರೂಢಿಯನ್ನು ಅವಳು ಇಷ್ಟು ವರ್ಷ ಹೊಗಳಿಕೊಂಡೇ ಬದುಕಿದ್ದಳು. ಇವತ್ತು ಮಾತ್ರ, ಪಕ್ಕದಲ್ಲಿ ಹುಲ್ಲು ಕೀಳುತ್ತಿದ್ದ ಈ ಮನುಷ್ಯ ಒಂದೇ ಒಂದು ಸಲ ಮರ್ಯಾದೆಗೆಟ್ಟು ಕೇಳಬಾರದೇ ಎನಿಸಿತು.

ಅವನು ಕೇಳಲಿಲ್ಲ. ಒಳ್ಳೆಯ ನಡತೆಯವನು. ಸುತ್ತಲಿನ ಹುಲ್ಲು ಮಾತ್ರ ಬೋಳಾಯಿತು.

ಮರುದಿನ ಕ್ಯಾಲ್ಕಟ್‌ನಲ್ಲಿ ಮೂರು ಲಾಕು. ಮೊದಲೆರಡನ್ನು ಇಬ್ಬರೂ ಅನಗತ್ಯವಾಗಿ ನಿಧಾನ ಮಾಡಿದರು. ಬಾಗಿಲನ್ನು ಮೆಲ್ಲಗೆ ತಳ್ಳಿದಳು. ಹಗ್ಗವನ್ನು ಎರಡು ಸಲ ಕಟ್ಟಿದ. ಮೂರನೆಯ ಲಾಕು ಖಾಲಿಯಾಗುವವರೆಗೆ ಕಾಯುವಾಗ ಗಾಳಿಗೆ ದೋಣಿಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಬ್ರಯನಿ ನಡುವೆ ತನ್ನದೊಂದು ಫೆಂಡರ್ ಇಳಿಬಿಟ್ಟಳು. ಒಳಹೋಗುವ ಮೊದಲು ಅದನ್ನು ಎತ್ತಬೇಕು. ದೋಣಿ ಹತ್ತಿದ ಮೊದಲ ವಾರವೇ ಎಲ್ಲರೂ ಕಲಿಯುವ ಪಾಠ. ಜೋಡಿ ದೋಣಿಗೆ ಲಾಕಿನಲ್ಲಿ ಅಂಗೈಯಗಲ ಜಾಗ ಉಳಿದರೆ ಹೆಚ್ಚು.

ಅರ್ಧ ಒಳಗೆ ಹೋದ ದೋಣಿಗಳು ಕಿರ್ರೆಂದು ನಿಂತವು. ಹಿಂದಕ್ಕಿಲ್ಲ, ಮುಂದಕ್ಕಿಲ್ಲ. ಹಿಂದೆ ಕಾಯುತ್ತಿದ್ದ ದೋಣಿಗಳ ಮೇಲೆ ಒಂದೊಂದೇ ತಲೆ ಎದ್ದಿತು.

ಲಾಕು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕ ಹಕಬಿ, ಎಪ್ಪತ್ತು ದಾಟಿದ ಹಿರಿಯ, ಗೋಡೆಯಂಚಿಗೆ ಬಂದು ಸಂದಿಯಲ್ಲಿ ಇಣುಕಿದರು. ಅವರ ಒಂದೊಂದು ಪದವೂ ಲಾಕು ಹತ್ತಿಯೇ ಹೊರಗೆ ಬರುತ್ತಿತ್ತು. "ಫೆಂ...ಡರ್... ಮಧ್ಯ... ಇದೆ. ಇದನ್ನ... ಹೆಣೆದ... ಮಹಾತಾಯಿ... ಯಾರವ್ವಾ?"

"ನಾನೇ... ಅಜ್ಜಾ," ಎಂದಳು ಬ್ರಯನಿ. ಅವರದೇ ಧಾಟಿ ತಾನಾಗಿ ಬಾಯಿಗೆ ಬಂದುಬಿಟ್ಟಿತ್ತು.

"ಗಟ್ಟಿ... ಹೆಣೆದಿದೀಯ."

ಹಕಬಿ ಮೇಲಿನ ಬಾಗಿಲ ಕಡೆಯಿಂದ ಚೂರುಚೂರೇ ನೀರು ಬಿಟ್ಟರು. ಆ ನೀರು ಬಂದು ದೋಣಿಗಳನ್ನು ಹಿಂದಕ್ಕೆ ನೂಕಬೇಕು. ಅಲ್ಲಿಯವರೆಗೆ ಮಾಡಲು ಏನೂ ಇರಲಿಲ್ಲ. ಬ್ರಯನಿ ತನ್ನ ದೋಣಿಗೆ ಇಳಿದು ಚುಕ್ಕಾಣಿಯ ಹತ್ತಿರ ನಿಂತಳು, ಡೆನ್ಜಿಲ್ ತನ್ನದರಲ್ಲಿ. ಇಬ್ಬರ ಮಧ್ಯೆ ಒಂದು ಮೊಳ.

"ಜೀವಮಾನದಲ್ಲಿ ಹೀಗಾಗಿರ್ಲಿಲ್ಲ," ಎಂದಳು, ಮುಖ ಕೆಂಪಾಗಿತ್ತು. "ಹೆಣೆದವಳು ನಾನು, ಎತ್ತೋಕೆ ಮರೆತವಳೂ ನಾನೇ."

"ನಾನು ಮರ್ತಿರ್ಲಿಲ್ಲ."

"ಅಂದ್ರೆ?"

"ನೇತಾಡ್ತಿತ್ತು. ನೋಡ್ದೆ. ಒಳಗ್ ಹೋದ್ರೆ ಸಿಕ್ಕಾಕೊಳತ್ತೆ ಅಂತಾನೂ ಗೊತ್ತಿತ್ತು."

"ಗೊತ್ತಿದ್ದೂ ಬಾಯಿ ಬಿಡ್ಲಿಲ್ವಾ?"

ಡೆನ್ಜಿಲ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. "ಜಂಕ್ಷನ್‌ಗಿಂತ ಮುಂಚೆ ಇದೇ ಕೊನೇ ಲಾಕು ಬ್ರಯನಿ. ಹತ್ತು ನಿಮಿಷ ಜಾಸ್ತಿ ಸಿಗತ್ತೆ ಅನ್ನಿಸ್ತು."

ಬ್ರಯನಿ ಬಾತುಕೋಳಿಯ ದನಿ ತೆಗೆಯಲು ತುಟಿ ಉಬ್ಬಿಸಿದಳು. ಅಷ್ಟರಲ್ಲಿ ನೀರು ನೂಕಿತು, ದೋಣಿಗಳು ಹಿಂದೆ ಜಾರಿದವು, ಚಪಾತಿಯಾಗಿದ್ದ ಫೆಂಡರನ್ನು ಅವಳು ಮೇಲೆಳೆದುಕೊಂಡಳು. ಹಿಂದಿನ ದೋಣಿಗಳಿಂದ ಚಪ್ಪಾಳೆ. "ಈಗ... ಹೋಗಿ... ಮಕ್ಕಳಾ," ಎಂದರು ಹಕಬಿ.

ಮೇಲೇರಿದ ಮೇಲೆ ಹಗ್ಗ ಬಿಚ್ಚಬೇಕಾಯಿತು. ಅವನೇ ಬಿಚ್ಚಿದ. ಬಿಚ್ಚಿದ್ದನ್ನು ಸುರುಳಿ ಸುತ್ತಿ ಅವಳ ಕೈಗೆ ಕೊಟ್ಟು, ಏನೋ ಹೇಳಲು ಬಾಯಿ ತೆರೆದು, "ಹುಷಾರು" ಎಂದಷ್ಟೇ ಹೇಳಿ ಮುಂದೆ ಹೋದ. ಬೇಡ-ಬಿಡು, ಬೇಡ-ಬಿಡು ಎಂದಿತು ಅವನ ಎಂಜಿನ್.

ಬಿಷಪ್ಪನನ್ನು ತನ್ನ ಛಾವಣಿಗೆ ಹತ್ತಿಸಿಕೊಂಡು ಬ್ರಯನಿ ಹಿಂದೆ ಬಂದಳು. ಜಂಕ್ಷನ್ ತನಕ ಅರ್ಧ ಮೈಲಿ. ಎರಡೂ ದಂಡೆಯಲ್ಲಿ ಎಲ್ಡರ್ ಪೊದೆಯ ಬಿಳಿ ಹೂವು ಬಿರಿದಿತ್ತು. ಅದು ಯಾರಿಗೆ ಬೇಕಿತ್ತು. ಅವಳು ನೋಡುತ್ತಿದ್ದುದು ಮುಂದಿನ ದೋಣಿಯಲ್ಲಿ ನೆಟ್ಟಗೆ ನಿಂತಿದ್ದ ಬೆನ್ನನ್ನು. ಆ ಬೆನ್ನು ಎಡಕ್ಕೆ ತಿರುಗಿ ಮರೆಯಾದರೆ, ಅರವತ್ತಡಿಯ ದೋಣಿಯನ್ನು ಕಂಡಕಂಡಲ್ಲಿ ತಿರುಗಿಸಿ ಹುಡುಕಿಕೊಂಡು ಹೋಗಲಾಗುವುದಿಲ್ಲ. ಮುಂದಿನ ಬೇಸಿಗೆಯವರೆಗೆ ಕಾಯಬೇಕು. ಮುಂದಿನ ಬೇಸಿಗೆ ಆ ಛಾವಣಿಯ ಮೇಲೆ ಯಾರ ನಾಯಿ ಕೂತಿರುತ್ತದೋ.

ಬಾ ಎನ್ನಬಾರದು, ನಿಜ. ಆದರೆ ಕರೆಯದೆ ಹೋಗಬಾರದು ಎಂದು ಯಾವ ರೂಢಿಯೂ ಹೇಳುವುದಿಲ್ಲವಲ್ಲ.

ಕಾಲುವೆಯಲ್ಲಿ ತಿರುಗುವವರು ಹಾರ್ನ್ ಮಾಡಿ ತಿಳಿಸಬೇಕು. ಬಲಕ್ಕಾದರೆ ಒಂದು, ಎಡಕ್ಕಾದರೆ ಎರಡು. ಬ್ರಯನಿ ಹಲ್ಲು ಕಚ್ಚಿ ಎರಡು ಸಲ ಒತ್ತಿ, ಎಡಕ್ಕೆ ತಿರುಗಿಸಿದಳು.

ಅದೇ ಗಳಿಗೆಯಲ್ಲಿ ಮುಂದಿನಿಂದ ಹಾರ್ನ್ ಕೇಳಿತು. ಒಂದೇ ಒಂದು.

ಹಸಿರು ದೋಣಿಯ ಮೂತಿ ಬಲಕ್ಕೆ ಹೊರಳಿತು, ಬಾಲ ಎಡಕ್ಕೆ ಬೀಸಿತು. ನೀಲಿ ದೋಣಿಯ ಮೂತಿ ನೇರವಾಗಿ ಆ ಬಾಲಕ್ಕೆ ಹೋಗಿ ಮುತ್ತಿಟ್ಟಿತು. ಧಡ್ ಎಂದ ಸದ್ದಿಗೆ ಬಿಷಪ್ಪ ಎದ್ದು ಸೀನಿದ. ಎರಡು ದೋಣಿಗಳೂ ಜಂಕ್ಷನ್ನಿಗೆ ಅಡ್ಡಲಾಗಿ ನಿಂತವು.

ಬ್ರಯನಿ ಎಂಜಿನ್ ಆರಿಸಿ, ಛಾವಣಿಯ ಮೇಲೆ ದಡದಡ ನಡೆದು ಮೂತಿಯ ತನಕ ಬಂದಳು. ಡೆನ್ಜಿಲ್ ಅಲ್ಲೇ, ಒಂದು ಹೆಜ್ಜೆ ಆಚೆ.

"ಎಡಕ್ಕೆ ಅಂದಿದ್ರಿ," ಎಂದಳು.

"ನೀವು ಬಲಕ್ಕೆ ಅಂದಿದ್ರಿ."

"ಆ ಕಡೆ ಲಾಕೆಲ್ಲಾ ಕಿರಿದು. ಇಬ್ರು ಒಟ್ಟಿಗೆ ಹಿಡಿಯಲ್ಲ."

"ಗೊತ್ತು. ನೀನು ಮೇಲೆ ಹೋಗೋವರ್ಗೂ ಕೆಳಗೆ ನಿಂತು ಕಾಯೋಣ ಅಂತಿದ್ದೆ."

"ಪ್ರತಿ ಲಾಕಲ್ಲೂ?"

"ಪ್ರತಿ ಲಾಕಲ್ಲೂ."

ಅವಳು ನಗಲು ಹೋದಳು. ನಗು ಕಣ್ಣಿನಿಂದ ಬಂತು. "ಪೆದ್ದ. ನಿನ್ ಜೊತೆ ಹೋಗ್ಬೇಕು ಅಂತ ನಾನು ಎಡಕ್ ತಿರುಗಿಸಿದೀನಿ. ಹಿಂದೆ ಒಬ್ರು ಮುಂದೆ ಒಬ್ರು ನಂಗ್ ಬೇಡ ಡೆನ್ಜಿಲ್. ಪಕ್ಕದಲ್ಲಿ ಇರು."

"ಎಲ್ಲಿವರ್ಗೂ?"

"ನೀರಿರೋವರ್ಗೂ."

ಅವನು ಕೈ ಚಾಚಿದ. ಅವಳು ದಾಟಿದಳು.

ದಂಡೆಯ ಮೇಲೆ ಗಾಳ ಹಾಕಿ ಕೂತಿದ್ದ ಮುದುಕನೊಬ್ಬ ಬಹಳ ಹೊತ್ತು ತಾಳಿಕೊಂಡು, ಕೊನೆಗೆ ಕೆಮ್ಮಿದ. "ಎಡಕ್ಕೋ ಬಲಕ್ಕೋ, ಒಂದ್ ಕಡೆ ಹೋಗ್ರಪ್ಪ. ಇದ್ದ ಒಂದ್ ಮೀನೂ ಓಡೋಯ್ತು. ಹಿಂದಿಂದ ಬೇರೆ ಕಲ್ಲಿದ್ದಲು ದೋಣಿ ಬರ್ತಿದೆ."

ಕಲ್ಲಿದ್ದಲು ದೋಣಿ ಬಂತು. ಹಾರ್ನ್ ಮಾಡಿತು. ಇನ್ನೊಂದು ಸಲ ಮಾಡಿತು. ಆಮೇಲೆ ಅದರ ಯಜಮಾನ ಎಂಜಿನ್ ಆರಿಸಿ, ಒಳಗೆ ಹೋಗಿ, ಚಹಾಕ್ಕೆ ನೀರಿಟ್ಟ.