ಪಿಸ್ತೂಲಿನ ಹಿಡಿ

೧೯೯೯ರ ಆಗಸ್ಟ್ ೩, ಮಂಗಳವಾರ, ಬೆಳಿಗ್ಗೆ ೧೦.೪೦. ರಾಮಮೂರ್ತಿ ನಗರದ ಮುನಿಆಂಜನಪ್ಪ ತಮ್ಮ ಲೈಸೆನ್ಸಿನ ಪಿಸ್ತೂಲು ಬೀರುವಿನಿಂದ ಕಳುವಾಗಿದೆಯೆಂದು ಠಾಣೆಯಲ್ಲಿ ದೂರು ಕೊಟ್ಟರು. ಚುನಾವಣೆಗಾಗಿ ಲೈಸೆನ್ಸಿನ ಆಯುಧಗಳನ್ನೆಲ್ಲ ಠಾಣೆಗೆ ಒಪ್ಪಿಸಲು ಎರಡೇ ದಿನ ಉಳಿದಿತ್ತು. ಅನುಮಾನ ಯಾರ ಮೇಲೆಂದು ಕೇಳಿದಾಗ ಹಿತ್ತಲಿನ ಬಾಡಿಗೆದಾರ ಪೀರಪ್ಪನ ಹೆಸರು ಹೇಳಿದರು. ಗುಲ್ಬರ್ಗಾ ಕಡೆಯವನು, ಶಿವಾಜಿನಗರದಲ್ಲಿ ಲೇತ್ ಕೆಲಸ.

ಎಫ್‌ಐಆರ್ ದಾಖಲಾಯಿತು. ೧೧.೫೦ಕ್ಕೆ ಇನ್ಸ್‌ಪೆಕ್ಟರ್ ಕೆಂಪರಾಜ್, ಹೆಡ್ ಕಾನ್‌ಸ್ಟೇಬಲ್ ಮುತ್ತಣ್ಣನೊಂದಿಗೆ ಪಂಚನಾಮೆಗೆ ಹೋದರು. ಬೀರುವಿನ ಬೀಗ ಸರಿಯಾಗಿತ್ತು. ಒಳಗೆ ಹಳೆಯ ಪೇಪರಿನಲ್ಲಿ ಸುತ್ತಿದ ಮರದ ಪಟ್ಟಿಯೊಂದು ಸಿಕ್ಕಿತು. ಪಿಸ್ತೂಲಿನ ಹಿಡಿಯ ಒಂದು ಮಗ್ಗುಲು. ಸ್ಕ್ರೂ ಕೂರುವ ತೂತಿನಿಂದ ಅಂಚಿನವರೆಗೆ ಸೀಳಿತ್ತು.

“ಕಳ್ಳ ಹಿಡಿ ಬಿಚ್ಚಿಟ್ಟು ಹೋದ್ನಾ ಯಜಮಾನ್ರೇ?” ಎಂದರು ಕೆಂಪರಾಜ್.

ಮುನಿಆಂಜನಪ್ಪ ಮಗ ಸುನಿಲನ ಮುಖ ನೋಡಿದರು. ಆಮೇಲೆ ನಿಜ ಹೊರಬಿತ್ತು. ಮುರಿದ ಹಿಡಿಯೊಂದಿಗೆ ಕೊಟ್ಟರೆ ಠಾಣೆಯ ರಿಜಿಸ್ಟರಿನಲ್ಲಿ ಹಾಗೆಯೇ ಬರೆಯುತ್ತಾರೆ, ಕಾರಣ ಕೇಳುತ್ತಾರೆ. ಬಂದೂಕಿನ ಅಂಗಡಿಗೆ ಕೊಟ್ಟರೂ ರಿಪೇರಿ ಅವರ ಪುಸ್ತಕದಲ್ಲಿ ದಾಖಲಾಗುತ್ತದೆ. ಹಾಗಾಗಿ ಶನಿವಾರ ಪೀರಪ್ಪನ ಕೈಗೇ ರಿಪೇರಿಗೆ ಕೊಟ್ಟಿದ್ದರು. ಅವನು ಇವತ್ತು, ನಾಳೆ ಎಂದವನು ಇಂದು ಬೆಳಿಗ್ಗೆ ಕೊಡುವುದಿಲ್ಲ ಎಂದಿದ್ದ.

“ಹೇಗೆ ಮುರೀತು?”

“ಕೈ ಜಾರಿ ಬಿತ್ತು,” ಎಂದ ಸುನಿಲ್. ಅವನ ಹೆಂಡತಿ ಹಂಸ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಎರಡು ಗಂಟೆಗೆ ಶಿವಾಜಿನಗರದ ಲೇತ್ ಶೆಡ್. “ಆ ಸಾಮಾನು ಮುಟ್ಬೇಡ ಮಗಾ ಅಂತ ಬಡ್ಕೊಂಡೆ ಸಾರ್,” ಎಂದು ಮಾಲೀಕ ಗಯಾಜ್ ಬದಿಗೆ ಸರಿದ. ಪೀರಪ್ಪ ಓಡಲಿಲ್ಲ. ಕಬ್ಬಿಣದ ಚೂರು ತುಂಬಿದ್ದ ಡಬ್ಬದಿಂದ ಬಟ್ಟೆಗಂಟು ತೆಗೆದು ಮೇಜಿನ ಮೇಲಿಟ್ಟ. ಪಿಸ್ತೂಲಿಗೆ ಹೊಸ ಅಲ್ಯೂಮಿನಿಯಂ ಪಟ್ಟಿ, ಹೊಸ ಸ್ಕ್ರೂ. ನಡುವೆ ಉಗುರು ತೂರುವಷ್ಟೂ ಸಂದಿಲ್ಲ.

“ಕೆಲಸ ಮುಗಿದಿದೆ. ಯಾಕೆ ಕೊಡ್ಲಿಲ್ಲ?” ಎಂದು ಕೆಂಪರಾಜ್ ಕೇಳಿದರು.

ಪೀರಪ್ಪ ಮಡಚಿದ ಕಾಗದ ಬಿಡಿಸಿದ. ಬಾಗಿದ ಹಳೆಯ ಸ್ಕ್ರೂ. ಅದರ ಎಳೆಗಳಲ್ಲಿ ಉದ್ದನೆಯ ಕೂದಲು ಸುತ್ತಿಕೊಂಡಿತ್ತು. ರಕ್ತ ಒಣಗಿ ಕಪ್ಪಾಗಿತ್ತು.

“ಕೈಗೆ ಬಂದ ಕೆಲ್ಸ ಅರ್ಧಕ್ಕ ಬಿಡಂಗಿಲ್ರಿ, ಮುಗಿಸಿದೆ. ತಿರಗಿ ಅವ್ರ ಕೈಯಾಗ ಇಡಾಕ ಆಗ್ಲಿಲ್ಲ.”

“ಠಾಣೆಗೆ ಬರ್ಬೇಕಿತ್ತಲ್ಲ,” ಎಂದ ಮುತ್ತಣ್ಣ.

“ಬಂದಿದ್ರ ನನ್ ಮಾತು ಬರ್ಕೋತಿದ್ರೇನ್ರಿ?”

ಮುತ್ತಣ್ಣ ಸ್ಕ್ರೂವನ್ನು ಮತ್ತೆ ಕಾಗದದಲ್ಲಿ ಮಡಚಿದ.

ಶುಕ್ರವಾರ ಗೋಡೆಯಾಚೆ ಹೆಂಗಸಿನ ಕೂಗು ಕೇಳಿತ್ತಂತೆ. ಬಾಡಿಗೆ ಮನೆ, ಎದ್ದು ಹೋಗಲಿಲ್ಲ ಎಂದ. ಅಷ್ಟು ಹೇಳುವಾಗ ಮಾತ್ರ ತಲೆ ತಗ್ಗಿಸಿದ.

ಲೈಸೆನ್ಸಿಲ್ಲದೆ ಆಯುಧ ಇಟ್ಟುಕೊಂಡ ಆರೋಪದ ಮೇಲೆ ೩.೧೫ಕ್ಕೆ ಅವನನ್ನು ಬಂಧಿಸಲಾಯಿತು. ಸಹಿ ಹಾಕುವ ಮುಂಚೆ ಒಂದೇ ಪ್ರಶ್ನೆ ಕೇಳಿದ.

“ಇದು ಆ ಮನಿಗೆ ವಾಪಸ್ ಹೋಗ್ತದೇನ್ರಿ?”

“ಇಲ್ಲ. ಕೇಸ್ ಮುಗಿಯೋವರೆಗೂ ಕೋರ್ಟಲ್ಲಿರುತ್ತೆ. ಅವರ ಲೈಸೆನ್ಸೂ ಹೋಗುತ್ತೆ.”

“ಹಂಗಾದ್ರ ಬರ್ಕೊಳ್ರಿ,” ಎಂದು ಪೀರಪ್ಪ ಪೆನ್ನು ತೆಗೆದುಕೊಂಡ.

ಸಂಜೆ ಕೆಂಪರಾಜ್ ಮಹಿಳಾ ಕಾನ್‌ಸ್ಟೇಬಲ್ ಜೊತೆ ಮತ್ತೆ ಆ ಮನೆಗೆ ಹೋದರು. ಪಿಸ್ತೂಲು ಇನ್ನು ಬರುವುದಿಲ್ಲವೆಂದು ಎರಡು ಸಲ ಹೇಳಿಸಿಕೊಂಡ ಮೇಲೆ ಹಂಸ ತಲೆಯ ಸೆರಗು ಸರಿಸಿದಳು. ೬.೨೦ಕ್ಕೆ ಸುನಿಲನ ಬಂಧನವಾಯಿತು. ಆಸ್ಪತ್ರೆಯಲ್ಲಿ ಹಂಸಳ ಗಾಯದ ಪ್ರಮಾಣಪತ್ರದಲ್ಲಿ ವೈದ್ಯರು ಬರೆದರು: ಎಡಗಿವಿಯ ಮೇಲೆ, ತಲೆಯಲ್ಲಿ ಸುಮಾರು ನಾಲ್ಕು ದಿನ ಹಳೆಯ ಸೀಳುಗಾಯ, ಹೊಲಿಗೆ ಹಾಕಿಲ್ಲ. ಉದ್ದ ೪.೨ ಸೆಂಟಿಮೀಟರ್.