ಬಾಳೆಲೆಯ ಪಟ್ಟಿ

"ಕೊಂದುಬಿಟ್ರಲ್ಲ ನನ್ನ ಅಕ್ಕನ್ನ! ಮಂಡಿ ಬದಲಾಯಿಸ್ತೀವಿ ಅಂತ ಹೆಣ ಕೊಟ್ರಲ್ಲ!"

"ಬಾಯಿ ಬಿಗಿಹಿಡಿದು ಮಾತಾಡ್ರೀ. ಅವರು ಸತ್ತಿದ್ದು ಮನೇಲಿ, ಆಪರೇಷನ್ ಆಗಿ ಎರಡು ವಾರದ ಮೇಲೆ."

ಇಲೊಯಿಲೊ ಪಟ್ಟಣದ ಪೊಲೀಸ್ ಠಾಣೆಯಲ್ಲಿ ಡಿಯೊನಿಸಿಯೊ ಟುಪಾಸ್, ಆಪರೇಷನ್ ಮಾಡಿದ್ದ ಡಾಕ್ಟರ್ ವಿಲ್ಯಾರಿಯಲ್ ಅವರ ಕಾಲರಿಗೇ ಕೈಹಾಕಿದ್ದ. ಇನ್‌ಸ್ಪೆಕ್ಟರ್ ಮಗ್ಬಾನುವಾ ಮೇಜು ಗುದ್ದಿದ.

"ಈ ಎರಡು ವಾರದಲ್ಲಿ ಅಕ್ಕನ್ನ ನೋಡೋಕೆ ಎಷ್ಟು ಸಲ ಹೋಗಿದ್ದೆಯೋ?"

ಡಿಯೊನಿಸಿಯೊ ಕೈ ಬಿಟ್ಟ. "ಕೆಲಸ ಇತ್ತು ಸರ್."

ಮಾರ್ಚ್ 9, ಬೆಳಿಗ್ಗೆ 10.20ಕ್ಕೆ ದೂರು ದಾಖಲಾಯಿತು. ಮರುದಿನ ಶವಪರೀಕ್ಷೆಯ ವರದಿ ಬಂತು. ಆಪರೇಷನ್ ಆದ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದ ರಕ್ತ ಕಿತ್ತುಬಂದು ಅವನ ಅಕ್ಕ ಫೆಲಿಸಾ ಟುಪಾಸ್ ಅವರ ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿತ್ತು. ಮೀನಖಂಡದ ಮೇಲೆ ಹೆಬ್ಬೆರಳು ಒತ್ತಿದ ನೀಲಿ ಗುರುತುಗಳಿದ್ದವು.

"ಕಾಲು ಊದಿದರೆ ಓಡಿ ಬನ್ನಿ, ಯಾರ ಕೈಲೂ ತಿಕ್ಕಿಸಿಕೊಳ್ಳಬೇಡಿ ಅಂತ ಹೇಳಿ ಕಳಿಸಿದ್ದೆ," ಎಂದರು ಡಾಕ್ಟರ್.

ಮನೆಯ ಪಂಚನಾಮೆ ಮಾಡುವಾಗ ಕಾನ್‌ಸ್ಟೇಬಲ್ ಅನಾಲಿನ್ ಮಂಚದಡಿಯಿಂದ ಒಣಗಿದ ಬಾಳೆಲೆಯ ಪಟ್ಟಿಯೊಂದನ್ನು ಎತ್ತಿದಳು. ಕೊಬ್ಬರಿ ಎಣ್ಣೆಯ ವಾಸನೆ.

"ನಮ್ಮಜ್ಜೀನೂ ಹೀಗೇ ಮೈಮೇಲೆ ಎಲೆ ಎಳೀತಿದ್ಲು ಸರ್. ಜಾರಿದ್ರೆ ಏನೂ ಇಲ್ಲ. ಅಂಟಿಕೊಂಡ್ರೆ ರೋಗ ಅಲ್ಲೇ ಇದೆ ಅಂತ."

ಆ ಬೀದಿಯಲ್ಲಿ ಉಳುಕು ತೆಗೆಯುವವಳು ಒಬ್ಬಳೇ, ಮುದುಕಿ ಪಾಸಿತಾ. ಅವಳ ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ಕುರ್ಚಿ. ಕುರ್ಚಿಯನ್ನು ಇನ್‌ಸ್ಪೆಕ್ಟರಿಗೆ ಬಿಟ್ಟುಕೊಟ್ಟು ಗೋಡೆಗೊರಗಿ ನಿಂತಳು.

"ಪಾಸಿತಕ್ಕಾ, ಫೆಲಿಸಾ ಅವರ ಕಾಲು ತಿಕ್ಕಿದ್ದು ನೀನೇನಾ?"

"ಹೌದು. ದಿನಾ ಸಂಜೆ."

"ಎಲೆ ಎಳೆದ್ಯಾ?"

"ಎಳೆದೆ."

"ಅಂಟಿತಾ?"

ಪಾಸಿತಾ ಗೋಡೆಯ ಕಡೆಗೆ ಮುಖ ತಿರುಗಿಸಿದಳು.

"ಬಾಯಿ ಬಿಡು!"

"ಅಂಟಿತು. ಕಾಲು ಊದಿ ಕೆಂಡ ಆಗಿತ್ತು."

"ಅವರಿಗೆ ಏನಂದೆ?"

"ಜಾರಿ ಹೋಯ್ತು ಅಂದೆ. ಮಗ್ಗುಲಾಗಿ ಮಲಗಿದ್ಲು, ಅವಳಿಗೆ ಕಾಣಲಿಲ್ಲ. ಡಾಕ್ಟರಿಗೆ ಫೋನ್ ಮಾಡ್ತೀನಿ ಅಂದ್ಲು. ಬೇಡ, ತಿಕ್ಕಿದ್ರೆ ಇಳಿಯುತ್ತೆ ಅಂದೆ."

"ಯಾಕೆ ಸುಳ್ಳು ಹೇಳ್ದೆ?"

ಪಾಸಿತಾ ತನ್ನ ಹೆಬ್ಬೆರಳುಗಳನ್ನು ಸೆರಗಿನಂತೆ ಹೊದ್ದಿದ್ದ ಟವೆಲಿನಲ್ಲಿ ಅಡಗಿಸಿದಳು.

"ಕ್ಲಿನಿಕ್ಕು ಬಂದ ಮೇಲೆ ನನ್ನನ್ನ ಯಾರೂ ಕರೀತಿರಲಿಲ್ಲ ಸರ್. ಅವಳು ಕರೆದ್ಲು. ತಿಕ್ಕೋವಾಗ ಮಾತಾಡ್ತಿದ್ಲು. ನನಗೂ ಒಂದು ಪುತೋ ಕಡುಬು ಎತ್ತಿಟ್ಟಿರ್ತಿದ್ಲು. ಆಸ್ಪತ್ರೆಗೆ ಹೋಗಿಬಿಟ್ಟಿದ್ರೆ ಸಂಜೆಗೆ ಮತ್ತೆ ನಾನು, ಈ ಗೋಡೆ. ಸಾಯ್ತಾಳೆ ಅಂತ ಗೊತ್ತಿರಲಿಲ್ಲ."

ಮಗ್ಬಾನುವಾ ಅವಳ ಕುರ್ಚಿಯಿಂದ ಎದ್ದುನಿಂತ. ಸಂಜೆ 4.40ಕ್ಕೆ ದಸ್ತಗಿರಿಯಾಯಿತು.

"ಬೀಗ ಎಲ್ಲಿದೆ?" ಅನಾಲಿನ್ ಕೇಳಿದಳು.

"ಬೇಡ ಮಗಳೇ. ಯಾರಾದ್ರೂ ಕಾಲು ಉಳುಕಿಸ್ಕೊಂಡು ಬಂದ್ರೆ, ಬಾಗಿಲು ಹಾಕಿದೆ ಅಂತ ತಿರುಗಿ ಹೋಗ್ತಾರೆ."

ಪಾಸಿತಾ ಎಣ್ಣೆಯ ಸೀಸೆಯನ್ನು ಕುರ್ಚಿಯ ಮೇಲಿಟ್ಟು ಜೀಪಿನತ್ತ ನಡೆದಳು. ಆ ಮನೆಗೆ ಅವಳು ಮತ್ತೆ ಬರಲಿಲ್ಲ.